ಕಾರ್ಡಿನಡಿಯ ಹಳದಿ ಚೌಕ

ಇವತ್ತು ಬೆಳಿಗ್ಗೆ ಒಂದು ಗೃಹಪ್ರವೇಶದ ಕಾರ್ಡು ಮುಗಿಸಿ, ಕಂಪ್ಯೂಟರಿನಲ್ಲಿ ಅದನ್ನು ಮುಚ್ಚಿದೆ. ಅದರ ಅಡಿಯಲ್ಲಿ ಒಂದು ಹಳದಿ ಚೌಕ, ಖಾಲಿ. ಅಲ್ಲಿಗೆ ಕೈ ನಿಂತುಹೋಯಿತು ನೋಡಿ.

ಚಂದ್ರಾ ಲೇಔಟ್‌ನಲ್ಲಿ ನಮ್ಮದು ಲಗ್ನಪತ್ರಿಕೆ ಮಾಡಿಕೊಡುವ ಸಣ್ಣ ಅಂಗಡಿ. ಮುಂದೆ ನಾನು, ಗೋಡೆಯಾಚೆ ಕಟಿಂಗ್ ಮೆಷಿನ್ ಪಕ್ಕ ನನ್ನ ತಮ್ಮ. ಅವನಿಗೆ ಹುಟ್ಟಿನಿಂದ ಕಿವಿ ಕೇಳಿಸದು, ಮಾತೂ ಇಲ್ಲ. ಎದುರಿದ್ದರೆ ಕೈಸನ್ನೆ ಸಾಕು, ಗೋಡೆಯಾಚೆಗೆ ಸನ್ನೆ ಕಾಣುವುದಿಲ್ಲವಲ್ಲ. ಹಾಗಾಗಿ ಅವನೇ ಏನೇನೋ ಓದಿಕೊಂಡು ಎರಡೂ ಕಂಪ್ಯೂಟರಿಗೆ ಒಂದು ವ್ಯವಸ್ಥೆ ಹಾಕಿದ. ತೆರೆದ ವಿಂಡೋಗಳೆಲ್ಲ ನೆಲದ ಟೈಲ್ಸ್‌ನಂತೆ ತಾವಾಗಿ ಪಕ್ಕಪಕ್ಕ ಕೂರುತ್ತವೆ. ಒಂದು ಹಳದಿ ಚೌಕ ಮಾತ್ರ ಎಲ್ಲದರ ಮೇಲೆ ತೇಲುತ್ತಿತ್ತು. ಅವನು ಒಳಗೆ ಟೈಪ್ ಮಾಡಿದ್ದು ಅದರಲ್ಲಿ ಬರುತ್ತಿತ್ತು, ನಾನು ಮಾಡಿದ್ದು ಅವನ ಚೌಕದಲ್ಲಿ. ಯಾವುದು ಮೇಲೆ, ಯಾವುದು ಕೆಳಗೆ ಅನ್ನುವುದೆಲ್ಲ ಒಂದು ಫೈಲಿನಲ್ಲಿತ್ತು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೆ ಅದರಲ್ಲಿ ಗೊತ್ತಾಗುತ್ತಿದ್ದದ್ದು ಎರಡೇ ಪದ, ಟ್ರೂ ಮತ್ತು ಫಾಲ್ಸ್. ಟ್ರೂ ಇದ್ದರೆ ಚೌಕ ಎಲ್ಲದರ ಮೇಲೆ, ಫಾಲ್ಸ್ ಇದ್ದರೆ ಎಲ್ಲದರ ಅಡಿ. ಪಾಪ ಮಾಡಲು ಅಷ್ಟು ವಿದ್ಯೆ ಸಾಕಾಯಿತು.

ಒಂದು ದಿನ ಹುಡುಗಿ ಕಡೆಯವರು ಕಾರ್ಡು ನೋಡುತ್ತಿದ್ದಾಗ ಗಣಪತಿ ಚಿತ್ರದ ಮೇಲೇ ಚೌಕದಲ್ಲಿ ಸಾಲು ಮೂಡಿತು: 'ಅಣ್ಣಾ, ಬೋಂಡ ತರ್ತೀಯಾ?'

"ಏನ್ ಸಾರ್, ಬೋಂಡನೂ ಕಾರ್ಡಲ್ಲಿ ಹಾಕ್ತೀರಾ?" ಅಂದರು ಹುಡುಗಿಯ ಸೋದರಮಾವ. ಎಲ್ಲರೂ ನಕ್ಕರು. "ಯಾರದು?"

"ಒಳಗಡೆ ಕೆಲಸದವನು ಸಾರ್," ಅಂದೆ.

ನನ್ನ ತಮ್ಮ ಅಂತ ಹೇಳಲಿಲ್ಲ. ಅವರು ಹೋದ ಮೇಲೆ ಫೈಲ್ ತೆಗೆದು, ಚೌಕದ ಸಾಲಿನಲ್ಲಿ ಟ್ರೂ ಅಳಿಸಿ ಫಾಲ್ಸ್ ಮಾಡಿದೆ. ಅಲ್ಲಿಂದಾಚೆ ಕಾರ್ಡು ಮೇಲೆ, ತಮ್ಮ ಅದರ ಅಡಿ. ಬಿಡುವಾದಾಗ ನೋಡೋಣ ಅಂದುಕೊಂಡೆ. ಬಿಡುವು ಅನ್ನುವುದು ನಾವು ಮಾಡಿಕೊಂಡರೆ ಮಾತ್ರ ಆಗುವಂಥದ್ದು. ಯಾವಾಗಲೋ ತೆಗೆದರೆ ಸಾಲಾಗಿ ಕೂತಿರುತ್ತಿದ್ದವು: 'ಅಣ್ಣಾ?' 'ಬ್ಯುಸಿನಾ?' 'ಸರಿ ಬಿಡು.' ಆಮೇಲೆ ಅವೂ ನಿಂತವು. ಕೆಲಸದ ವಿಷಯವಿದ್ದರೆ ಎದ್ದು ಬಂದು ಸನ್ನೆ ಮಾಡಿ ಹೋಗುತ್ತಿದ್ದ. ಗಲಾಟೆ ಕಮ್ಮಿಯಾಯ್ತು ಅಂದುಕೊಂಡೆ. ಮಾತೇ ಬಾರದವನ ಗಲಾಟೆ.

ಇವತ್ತು ಆ ಖಾಲಿ ಚೌಕ ನೋಡಿ ತಡೆಯಲಾಗಲಿಲ್ಲ. ಒಳಗೆ ಹೋಗಿ ಹೇಳಲು ಮುಖವಿರಲಿಲ್ಲ. ಕೂತಲ್ಲೇ ಟೈಪ್ ಮಾಡಿದೆ: 'ನಿನ್ನ ಚೌಕ ಕೆಳಗೆ ಹಾಕಿದ್ದು ನಾನೇ ಕಣೋ. ಗಿರಾಕಿ ಕೇಳಿದಾಗ ನಿನ್ನನ್ನ ಕೆಲಸದವನು ಅಂದುಬಿಟ್ಟೆ.'

ಗೋಡೆಯಾಚೆ ಮೆಷಿನ್ ನಿಂತಿತು.

'ಫಾಲ್ಸ್ ಮಾಡಿದ್ದು ಗೊತ್ತಿತ್ತು. ಫೈಲ್ ನಂದೇ ಅಲ್ವಾ. ನೀನೇ ಸರಿ ಮಾಡ್ತೀಯ ಅಂತ ಸುಮ್ನಿದ್ದೆ.'

ಅದರ ಕೆಳಗೆ ಇನ್ನೊಂದು ಸಾಲು ಬಂತು.

'ಕೆಲಸದವನು ಅಂದಿದ್ದು ಗೊತ್ತಿರಲಿಲ್ಲ.'

ಫೈಲ್ ತೆಗೆದು ಟ್ರೂ ಅಂತ ತಿದ್ದಿದೆ. ಚೌಕ ಮೇಲೆ ಬಂತು. ಮೆಷಿನ್ ಮಾತ್ರ ಇನ್ನೂ ಶುರುವಾಗಿಲ್ಲ.