ಏಟು ತಿನ್ನುವ ಕ್ಯಾಮೆರಾ

ಮದುವೆ ಫೋಟೋ ತೆಗೆಯುವ ಅಕ್ಕನ ಕ್ಯಾಮೆರಾ ಹತ್ತು ವರ್ಷ ದುಡಿದು ಹಣ್ಣಾಗಿತ್ತು. ಶಟರ್ ಸಿಕ್ಕಿಕೊಂಡಾಗೆಲ್ಲ ಅದರ ಬೆನ್ನಿಗೆ ಪಟಾರನೆ ಬಾರಿಸಿ, "ಏಳೋ ಸೋಮಾರಿ," ಅನ್ನುತ್ತಿದ್ದಳು. ಸೆಟೆದು ನಿಂತ ನೆಂಟರು ಹೊಟ್ಟೆ ಹಿಡಿದು ನಗುವ ಹೊತ್ತಿಗೆ ಅದು ಕ್ಲಿಕ್ಕೆನ್ನುತ್ತಿತ್ತು. ಫೋಟೋದಲ್ಲಿನ ಆ ನಗುವಿಗೇ ಜನ ಅವಳನ್ನು ಹುಡುಕಿಕೊಂಡು ಬರುತ್ತಿದ್ದರು.

ಕೊನೆಗೊಂದು ದಿನ ಅದು ಏಟಿಗೂ ಏಳಲಿಲ್ಲ. ಅಕ್ಕ ಹೊಸದು ತಂದಳು. ಬೆರಳಿಟ್ಟರೆ ಸಾಕು, ಬೆಣ್ಣೆಯಲ್ಲಿ ಕೂದಲು ತೆಗೆದಂಥ ಕೆಲಸ. ಆದರೆ ಮೊದಲ ಮದುವೆಯಲ್ಲೇ ಇಡೀ ಬಳಗ ಹರಳೆಣ್ಣೆ ಕುಡಿದ ಮುಖ ಹೊತ್ತು ನಿಂತಿತು. ಇಂಥ ಫೋಟೋ ಕೊಟ್ಟರೆ ಇನ್ನು ಯಾರು ಕರೆದಾರು?

"ಅಕ್ಕಾ, ನಮ್ಮಣ್ಣನ ಮದುವೇಲಿ ಹೊಡೀತಿದ್ರಲ್ಲ, ಇದಕ್ಯಾಕೆ ಇಷ್ಟು ಮುದ್ದು?" ಅಂದಳು ಮದುಮಗಳು.

"ಹೊಸದು ಕಣಮ್ಮ, ಇನ್ನೂ ಅಭ್ಯಾಸ ಮಾಡಿಸಿಲ್ಲ," ಅಂದವಳೇ ಅಕ್ಕ ಪಟಾರನೆ ಬಾರಿಸಿದಳು. ಬಳಗ ಘೊಳ್ಳೆಂದು ನಕ್ಕಿತು. ವಾರಂಟಿ ಹಾಳಾಗಿ ಹೋಗಲಿ ಅಂತ ಅಕ್ಕ ಕ್ಲಿಕ್ಕಿಸಿದಳು.