ಬಾನೆಟ್ ಬಡಿದು ಆರಿಸಿದ ಎಂಜಿನ್

ನಮ್ಮ ಮನೆಗೆ ಒಂದು ಮಿಕ್ಸಿ ತರಬೇಕಾದರೂ ಕಾಕಾ ಬಂದು ನೋಡಬೇಕು. ಕಾಕಾ ಎಂದರೆ ಅಪ್ಪನ ತಮ್ಮ. ಇಳಕಲ್ಲಿನಲ್ಲಿ ಇಬ್ಬರೂ ಕೂಡಿ ಗ್ರಾನೈಟ್ ಪಾಲಿಶ್ ಮಾಡಿಸುತ್ತಾರೆ. ಕಲ್ಲು ಆರಿಸಲು ಗೊತ್ತಿದ್ದವನಿಗೆ ಜಗತ್ತಿನಲ್ಲಿ ಏನು ಬೇಕಾದರೂ ಆರಿಸಲು ಬರುತ್ತದೆ ಎಂಬುದು ಕಾಕಾನ ನಂಬಿಕೆ. ಹೀಗಿರುವಾಗ ನಾನು ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರು ಕೊಳ್ಳುತ್ತೇನೆ, ಅದೂ ಎರಡೇ ಸೀಟಿನದು, ಕೊಂಡು ಬಿಚ್ಚಿಸಿ ನನಗೆ ಬೇಕಾದ ಹಾಗೆ ಮಾಡಿಸಿಕೊಳ್ಳುತ್ತೇನೆ ಎಂದರೆ ಈ ಮನೆ ಸುಮ್ಮನೆ ಕೂರುತ್ತದೆಯೇ?

ನನ್ನ ಆಸೆ ದೊಡ್ಡದೇನಲ್ಲ. ಬಾಗಲಕೋಟೆ ಕಡೆಯ ಸಿಮೆಂಟ್ ಕಾರ್ಖಾನೆಯೊಂದರಲ್ಲಿ ನಾನು ಮೆಕ್ಯಾನಿಕಲ್ ಎಂಜಿನಿಯರ್. ಕೊಲ್ಲಾಪುರದ ಕಡೆ ಆಗಾಗ ನಡೆಯುವ ಮಣ್ಣಿನ ಟ್ರ್ಯಾಕಿನ ರೇಸಿನಲ್ಲಿ ಒಮ್ಮೆಯಾದರೂ ನನ್ನದೇ ಕಾರನ್ನು ನಾನೇ ಓಡಿಸಬೇಕು, ಅಷ್ಟೇ. ಬೆಳಗಾವಿಯ ವ್ಯಾಪಾರಿಯೊಬ್ಬನ ಹತ್ತಿರ ಒಂದೇ ಮಾಡೆಲ್ಲಿನ ಎರಡು ಕಾರುಗಳಿದ್ದವು. ಒಂದರ ಎಂಜಿನ್ ಹದಿನಾರು ನೂರು ಸಿಸಿ, ಇನ್ನೊಂದರದು ಎರಡು ಸಾವಿರ. ಸಣ್ಣದರ ಮೂತಿ ಹಗುರ, ತಿರುವಿನಲ್ಲಿ ಹೇಳಿದ ಮಾತು ಕೇಳುತ್ತದೆ, ಗೇರು ಕೈಯಲ್ಲಿರುತ್ತದೆ, ಮುಂದೆಂದಾದರೂ ಶಕ್ತಿ ಹೆಚ್ಚಿಸುವ ಟರ್ಬೊ ಕೂರಿಸಲಿಕ್ಕೂ ಜಾಗವಿದೆ. ದೊಡ್ಡದಕ್ಕೆ ಶಕ್ತಿ ಹೆಚ್ಚು, ಖರೆ. ಆದರೆ ಮುಂದೆ ಭಾರ, ಗೇರು ಆಟೋಮ್ಯಾಟಿಕ್. ಮಣ್ಣಿನಲ್ಲಿ ಸ್ಟೇರಿಂಗ್ ತಿರುಗಿಸಿದರೂ ನೆಟ್ಟಗೆ ಹೋಗಿ ಬೇಲಿಗೆ ಹಾಯುವ ಜಾತಿ ಅದು.

ಇದನ್ನೆಲ್ಲ ಊಟಕ್ಕೆ ಕೂತಾಗ ಹೇಳಿದೆ. ಅದೇ ನಾನು ಮಾಡಿದ ತಪ್ಪು. ಕಾಕಾ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ.

“ದೊಡ್ಡ ಎಂಜಿನ್ನ ತಗೋಬೇಕವಾ. ಸಣ್ಣ ಟ್ರ್ಯಾಕ್ಟರ್ ತಂದು ಅನುಭವಿಸೀವಿಲ್ಲೇನು?”

“ಕಾಕಾ, ನಾ ಏನು ಅದರಾಗ ಕಲ್ಲು ಹೇರ್ತೇನೇನು?”

“ಹೇರೂದು ಬಿಡೂದು ಆಮ್ಯಾಲೆ. ತಾಕತ್ತು ಇರಬೇಕು.”

ಅಪ್ಪನದು ಬೇರೆಯೇ ರಾಗ. “ಮ್ಯಾಲೆ ಕ್ಯಾರಿಯರ್ ಕೂಡ್ರಸಾಕ ಬರ್ತೈತೇನು?” ಎಂದ. ಮೇಲಿರುವುದೇ ಮಡಚುವ ಬಟ್ಟೆಯ ಟಾಪು! ಹಣೆ ಹಣೆ ಬಡಿದುಕೊಂಡೆ. ಬಾದಾಮಿಯಿಂದ ಸೋದರತ್ತೆ ಫೋನು ಮಾಡಿ, ಎಂಜಿನ್ ಯಾವುದಾದರೂ ಇರಲಿ, ಕೆಂಪು ಬಣ್ಣ ಮಾತ್ರ ಬೇಡ ಎಂದಳು. ಹತ್ತು ಮಂದಿ ಕೂಡಿದಲ್ಲಿ ಹಾವು ಸಾಯುವುದಿಲ್ಲ ಅಂತಾರಲ್ಲ, ನಮ್ಮ ಮನೆ ನೋಡಿಯೇ ಅಂದಿರಬೇಕು.

ಆ ಭಾನುವಾರ ಬೆಳಗಾವಿಗೆ ನಾನೊಬ್ಬಳೇ ಹೋಗುವವಳಿದ್ದೆ. ಬೆಳಿಗ್ಗೆ ಹೊರಗೆ ಬಂದರೆ ಇಬ್ಬರೂ ಇಸ್ತ್ರಿ ಅಂಗಿ ತೊಟ್ಟು ಜೀಪಿನಲ್ಲಿ ಕೂತಾಗಿತ್ತು. ಸ್ಟೇರಿಂಗ್ ಹಿಡಿದವನು ಅಪ್ಪ, ಪಕ್ಕದಲ್ಲಿ ಕಾಕಾ, ಹಿಂದೆ ನಾನು. ಹುನಗುಂದ ದಾಟಿದರೂ ದೊಡ್ಡ ಎಂಜಿನ್ನಿನ ಪುರಾಣ ಮುಗಿಯಲಿಲ್ಲ. ಬಾಗಲಕೋಟೆಯಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಚಹಾ ಕೊಟ್ಟವನಿಗೂ ಅದನ್ನೇ ಹೇಳಿದರು.

ವ್ಯಾಪಾರಿಯ ಅಂಗಳದಲ್ಲಿ ಎರಡೂ ಕಾರು ಅಕ್ಕಪಕ್ಕ ನಿಂತಿದ್ದವು. ಸಣ್ಣದರ ಕೆಳಗೆ ತುಕ್ಕು ಹಿಡಿದಿದೆಯೋ ಏನೋ ಎಂದು ನಾನು ನೆಲಕ್ಕೆ ಮಲಗಿ ನೋಡುತ್ತಿದ್ದೆ. ಮೇಲಿಂದ ಟಕ್ ಟಕ್ ಸದ್ದು ಬಂತು. ಎದ್ದು ನೋಡಿದರೆ ಕಾಕಾ ಬೆರಳಿನ ಗೆಣ್ಣಿನಿಂದ ಬಾನೆಟ್ ಬಡಿದು, ಕಿವಿಗೊಟ್ಟು ಕೇಳುತ್ತಿದ್ದಾನೆ! ಕಲ್ಲು ಒಳಗೆ ಬಿರುಕು ಬಿಟ್ಟಿದೆಯೇ ಎಂದು ಕ್ವಾರಿಯಲ್ಲಿ ಸುತ್ತಿಗೆಯಿಂದ ಬಡಿದು ದನಿ ಕೇಳುತ್ತಾರೆ, ಥೇಟ್ ಹಾಗೇ. ಆಮೇಲೆ ಹೋಗಿ ದೊಡ್ಡದನ್ನೂ ಬಡಿದ.

“ಇದರ ದನಿ ಗಟ್ಟಿ ಐತಿ. ಆ ಸಣ್ಣದು ಬರೇ ಡಬ್ಬಿ.”

“ಕಾಕಾ, ನೀ ಬಡಿಯಾಕತ್ತಿದ್ದು ತಗಡು! ಎಂಜಿನ್ ಅದರ ಕೆಳಗೈತಿ!”

“ಆಯುಷ್ಯೆಲ್ಲಾ ಕಲ್ಲು ಬಡದೇನಿ. ನನಗ ಹೇಳಬ್ಯಾಡ.”

ವ್ಯಾಪಾರಿ ಮುಖ ಆಚೆ ತಿರುಗಿಸಿ ನಕ್ಕ. ನಾಚಿಕೆಯಿಂದ ನನಗೆ ಮತ್ತೆ ಕಾರಿನ ಕೆಳಗೇ ಹೋಗಿ ಮಲಗೋಣ ಎನಿಸಿತು. ಅವನು ನಗು ತಡೆದುಕೊಂಡು ಅಪ್ಪನನ್ನು ಕೇಳಿದ, “ಗಾಡಿ ಹೊಡಿಯೋರು ಯಾರ್ರಿ?”

ನಾನು ಬಾಯಿ ತೆರೆಯುವುದರೊಳಗೆ ಅಪ್ಪ ಹೇಳಿಯೇಬಿಟ್ಟ. “ಸದ್ಯಕ್ಕ ಇಕಿ ಹೆಸರಿಲೇ ಇರಲಿ. ನಾಳೆ ಅಳಿಯ ಬಂದ್ರ ಅಂವಾ ಹೊಡಿತಾನ್ರಿ. ಗಂಡಸಿನ ಕೈಯಾಗ ಸಣ್ಣ ಎಂಜಿನ್ ಕೊಟ್ರ ಏನಂದಾನು?”

“ಆಟೋಮ್ಯಾಟಿಕ್ ಆದ್ರ ಇಕಿಗೂ ಓಣ್ಯಾಗ ಹೊಡಿಯಾಕ ಹಗೂರ,” ಎಂದ ಕಾಕಾ.

ಅಳಿಯ! ಎಲ್ಲಿದ್ದಾನೆ ಆ ಮಹಾಶಯ? ಹೆಸರಿಲ್ಲ, ಊರಿಲ್ಲ, ಮುಖವಿಲ್ಲ. ಇಷ್ಟು ದಿನ ಇವರು ಅಳೆದದ್ದು ಅವನಿಗೆ ಬೇಕಾದ ಎಂಜಿನ್ನು. ಕೂಸು ಹುಟ್ಟುವ ಮುಂಚೆ ಕುಲಾವಿ! ಸಿಟ್ಟು ನೆತ್ತಿಗೇರಿತು. ಅದಕ್ಕಿಂತ ಹೆಚ್ಚು ಸಂಕಟವಾಯಿತು, ಯಾಕೆಂದರೆ ಜೀಪು ಹೊಡೆಯಲು ನನಗೆ ಕಲಿಸಿದವನು ಇದೇ ಅಪ್ಪ. ಕ್ವಾರಿಯ ಏರಿನಲ್ಲಿ ನಾನು ಬ್ರೇಕ್ ಒತ್ತಿ ನಿಂತುಬಿಟ್ಟಾಗ, “ಹೆದರಬ್ಯಾಡ, ಹೊಡಿ” ಎಂದು ಪಕ್ಕದಲ್ಲಿ ಕೂತು ಹೇಳಿದವನು.

ನಾನು ವ್ಯಾಪಾರಿಯ ಕಡೆ ತಿರುಗಿದೆ. “ಸಣ್ಣ ಎಂಜಿನ್ನಿಂದು ತಗೋತೇನ್ರಿ. ಕೀಲಿ ಕೊಡ್ರಿ.”

ಅವನು ಅಪ್ಪನ ಮುಖ ನೋಡಿದ. ನಾನು ಚಾಚಿದ ಕೈ ಹಿಂದೆ ತೆಗೆಯಲಿಲ್ಲ. ಕೀಲಿ ಕೊಟ್ಟ. ಹೋಗಿ ಕಾರಿನಲ್ಲಿ ಕೂತೆ.

ಅಪ್ಪ ಕಿಟಕಿಗೆ ಬಂದು ದನಿ ತಗ್ಗಿಸಿ ಕೇಳಿದ, “ಇದರಾಗ ಏನೇನು ಮಾಡಸಾಕಿ, ಅದನ್ನರ ಹೇಳು.”

“ರೇಸಿಗೆ ಮೊದಲ ಗಾಡಿ ಭಾರ ಇಳಸಬೇಕಪ್ಪಾ.”

“ಹೆಂಗ ಇಳಸ್ತಿ?”

“ಎಡಗಡಿ ಸೀಟ್ ತಗಸ್ತೇನಿ.”

ಅಪ್ಪ ಬಗ್ಗಿ ಒಳಗೆ ನೋಡಿದ. ಇದ್ದವೇ ಎರಡು ಸೀಟು, ಒಂದರಲ್ಲಿ ನಾನಿದ್ದೆ. ಬಾನೆಟ್ ಬಡಿಯಲು ಕೈ ಎತ್ತಿದ್ದ ಕಾಕಾ ಹಾಗೇ ನಿಂತ.

“ಮತ್ತ ಅಳಿಯ ಎಲ್ಲಿ ಕೂಡ್ತಾನ?” ಎಂದ ಅಪ್ಪ.

“ನಿಮ್ಮ ಜೋಡಿ ಜೀಪಿನ್ಯಾಗ, ಹಿಂದಿನ ಸೀಟಿನ್ಯಾಗ,” ಎಂದು ಎಂಜಿನ್ ಚಾಲೂ ಮಾಡಿದೆ.