ದಸ್ತಗೀರ ವಕೀಲರು ಮಾಡದ ಸಹಿ

ಸಹಿ ಮಾಡಲು ಬಂದವರ ಪೆನ್ನನ್ನು ದಸ್ತಗೀರ ವಕೀಲರು ಮೊದಲು ಇಸಿದುಕೊಳ್ಳುತ್ತಿದ್ದರು. ಜೇಬಿನಲ್ಲಿರಲಿ, ಕೈಯಲ್ಲಿರಲಿ, "ಕೊಡ್ರಿ ಇಲ್ಲೆ" ಎಂದು ಅದನ್ನು ಮೇಜಿನ ಮೇಲಿನ ಸ್ಟೀಲ್ ಲೋಟದೊಳಗೆ ನಿಲ್ಲಿಸಿಬಿಡುವರು. ಆಮೇಲೆ ಬ್ಯಾಂಕಿನ ಕರಾರನ್ನು ಒಂದೊಂದೇ ಸಾಲು ಕನ್ನಡದಲ್ಲಿ ಹೇಳುತ್ತ ಓದುವರು. ಓದಿ ಮುಗಿದ ಮೇಲೆ ಕನ್ನಡಕ ತೆಗೆದು, ಕುರ್ಚಿಗೆ ಒರಗಿ, ಕಣ್ಣು ಮುಚ್ಚಿ, "ಈಗ ನೀವು ಹೇಳ್ರಿ, ಇದರಾಗ ಏನೈತಿ?" ಎಂದು ಕೇಳುವರು. ಸರಿಯಾಗಿ ಹೇಳಿದರೆ ಪೆನ್ನು ವಾಪಸ್ಸು. ತಡವರಿಸಿದರೆ ಮತ್ತೆ ಮೊದಲಿನಿಂದ ಓದು. ಯಾರಾದರೂ ಗೊಣಗಿದರೆ ಅವರ ಉತ್ತರ ಸಿದ್ಧವಿರುತ್ತಿತ್ತು: "ಸಹಿ ಕೈಲೆ ಮಾಡೂದಲ್ರಿ, ಕಿವಿಲೆ ಮಾಡೂದು."

ನಾನು ಗುಳೇದಗುಡ್ಡದ ಕುಪ್ಪಸದ ಖಣ ನೇಯುವ ಹೆಂಗಸರ ಸಂಘದ ಕಾರ್ಯದರ್ಶಿ. ನೂಲಿಗಾಗಿ ನಾವು ಬ್ಯಾಂಕಿನ ಹಣ ಎತ್ತಬೇಕಾದಾಗಲೆಲ್ಲ ಕಾಗದಪತ್ರ, ಬ್ಯಾಂಕಿನ ಪರವಾಗಿ ಅದನ್ನು ನೋಡುವ ಬಾಗಲಕೋಟೆ ನವನಗರದ ಈ ವಕೀಲರ ಮೇಜು ದಾಟಿಯೇ ಬರಬೇಕು. ಮೊದಲ ಸಲ ಹೋದಾಗ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ನಾನು ಬಿ.ಕಾಂ. ಓದಿದವಳು, ನನ್ನ ಪೆನ್ನನ್ನೂ ಕಿತ್ತುಕೊಂಡು ಪಾಠ ಒಪ್ಪಿಸಲು ಹೇಳುತ್ತಾರಲ್ಲ ಎಂದು ಮೈಯೆಲ್ಲ ಉರಿದುಹೋಯಿತು. ಒಪ್ಪಿಸಲು ಹೋದೆ. ಬಡ್ಡಿ ಯಾವಾಗ ಬದಲಾಗುತ್ತದೆ ಎಂಬಲ್ಲಿ ಸಿಕ್ಕಿಬಿದ್ದೆ. ವಕೀಲರು ಕಣ್ಣು ತೆರೆಯದೆಯೇ ನಕ್ಕು, "ಬಿ.ಕಾಂ. ಬಸ್ಸಿನಾಗ ಬಿಟ್ಟು ಬಂದೀ ಏನ್ ತಂಗಿ?" ಎಂದರು. ಅಂದಿನಿಂದ ಅವರಿಗೆ ನಾನು ತಂಗಿಯಾದೆ.

ವರ್ಷಗಟ್ಟಲೆ ದೊಡ್ಡ ಬ್ಯಾಂಕೊಂದರ ಕಾನೂನು ವಿಭಾಗದಲ್ಲಿದ್ದು ಬಂದ ಮನುಷ್ಯ. ಬ್ಯಾಂಕುಗಳಿಗೆ ಮೇಲಿನಿಂದ ಹೊಸ ಸುತ್ತೋಲೆ ಬಂದರೆ ಉಳಿದ ವಕೀಲರು ಅದನ್ನು ಫೈಲಿಗೆ ಸೇರಿಸುತ್ತಿದ್ದರು. ಇವರು ಚಹಾ ತರಿಸಿಕೊಂಡು, ಸಂಬಂಧಿಕರ ಮದುವೆಪತ್ರಿಕೆ ಬಂದವರ ಹಾಗೆ ಹಿಗ್ಗಿ ಓದುವರು. ಕರಾರಿನ ಒಂದು ಪ್ರತಿ ಗಿರಾಕಿಯ ಕೈಗೆ ಬರಬೇಕು, ಅದರಲ್ಲಿರುವುದು ಅವರಿಗೆ ತಿಳಿಯುವ ಭಾಷೆಯಲ್ಲಿ ಹೇಳಬೇಕು, ಹಣ ತೀರಿದ ಮೇಲೆ ಮನೆಯ ಕಾಗದ ಇಂತಿಷ್ಟು ದಿನದೊಳಗೆ ವಾಪಸ್ಸು ಬರಬೇಕು ಎಂಬುದನ್ನೆಲ್ಲ ನಮಗೆ ಹೇಳಿಕೊಟ್ಟವರು ಅವರೇ. ಒಮ್ಮೆ ಹೊಸದಾಗಿ ಬಂದ ಮ್ಯಾನೇಜರ್ ಒಬ್ಬ ಕೆಲಸ ಬೇಗ ಆಗಲೆಂದು ನಮ್ಮ ಹೆಂಗಸರ ಕೈಲಿ ಖಾಲಿ ಅರ್ಜಿಗಳಿಗೆ ಸಹಿ ಹಾಕಿಸಿ ಕಳಿಸಿದ್ದ. ವಕೀಲರು ಅವನ ಎದುರಿಗೇ ಅವನ್ನೆಲ್ಲ ಅಡ್ಡಡ್ಡ ಹರಿದರು. "ಖಾಲಿ ಹಾಳಿಗೆ ಸಹಿ ಹಾಕೂದಂದ್ರ ಕೀಲಿಕೈ ಬಾಗಿಲಕ್ಕ ಬಿಟ್ಟು ಊರಿಗಿ ಹೋದಂಗರಿ ಸಾಹೇಬ್ರ. ಕಳುವಾದ್ರ ಕಳ್ಳಗ ಬೈಬ್ಯಾಡ್ರಿ." ಪಾಪ, ಆ ಹುಡುಗ ಕೆಟ್ಟವನಲ್ಲ. ಆಮೇಲೆ ಇವರಿಗೇ ಪಟ್ಟಶಿಷ್ಯನಾದ.

ನಮ್ಮ ಕಡೆಯ ವ್ಯಾಪಾರಸ್ಥರಿಗೆ ದೀಪಾವಳಿ ಪಾಡ್ಯವೆಂದರೆ ಪ್ರಾಣ. ಇಳಕಲ್ಲಿನ ಸೀರೆ ಅಂಗಡಿಯವರೊಬ್ಬರು ಹಬ್ಬ ಕಳೆದು ವಾರದ ಮೇಲೆ ಬಂದು, ಕರಾರಿಗೆ ಪಾಡ್ಯದ ತಾರೀಖನ್ನೇ ಹಾಕಬೇಕೆಂದು ಹಟ ಹಿಡಿದು ಕೂತಿದ್ದನ್ನು ನಾನೇ ನೋಡಿದ್ದೇನೆ. ವಕೀಲರು ಬಹಳ ಸಮಾಧಾನದಿಂದ, "ಯಜಮಾನ್ರ, ಸುಳ್ಳ ತಾರೀಖ ಹಾಕಿದ್ರ ಲಕ್ಷ್ಮೀನೂ ದಾರಿ ತಪ್ಪತಾಳ್ರಿ. ಇವತ್ತಿಂದ ಹಾಕ್ರಿ, ಸೀದಾ ಮನಿಗಿ ಬರ್ತಾಳ" ಎಂದರು. ಅಂಗಡಿಯವರು ತುಸು ಹೊತ್ತು ಯೋಚಿಸಿ ಒಪ್ಪಿಕೊಂಡರು.

ಆದರೆ ನಮ್ಮ ಸಂಘದಲ್ಲಿ ಇವತ್ತಿಗೂ ಹೇಳಿ ಹೇಳಿ ನಗುವುದು ಗಂಗವ್ವನ ಸಂಗತಿ. ಗಂಗವ್ವ ನಮ್ಮಲ್ಲೇ ಹಿರಿಯಳು, ಅವಳ ಕೈಯ ಖಣ ಅಂದರೆ ಕಣ್ಣು ಮುಚ್ಚಿ ಕೊಳ್ಳಬಹುದು. ಸಹಿಗೆ ಮುಂಚೆ ವಕೀಲರು ಗುರುತು ಖಾತ್ರಿ ಮಾಡಿಕೊಳ್ಳಲು ಗಂಡನ ಹೆಸರು ಕೇಳಿದರು. ಅವಳು ಗಂಡನ ಹೆಸರು ಎಂದಾದರೂ ಬಾಯಿಬಿಟ್ಟು ಹೇಳಿದವಳೇ? ಸೆರಗು ಬಾಯಿಗಿಟ್ಟುಕೊಂಡು, "ಶಾಂತಾ ಹೇಳ್ತಾಳ್ರಿ" ಎಂದು ನನ್ನ ಕಡೆ ನೋಡಿದಳು.

"ಶಾಂತಾ ಹೇಳಿದ್ರ ಅದು ಶಾಂತಾನ ಗಂಡನ ಹೆಸರಾಗ್ತೈತ್ರಿ. ನಿಮ್ಮ ಬಾಯಿಂದ ಬರಬೇಕು."

ಗಂಗವ್ವ ನೆಲ ನೋಡುತ್ತ ಕೂತುಬಿಟ್ಟಳು. ವಕೀಲರು ತಲೆ ಕೆರೆದುಕೊಂಡು, "ಒಡಪಿನಾಗ ಹೇಳ್ರೆಲಾ. ಕಾಯದೇದಾಗ ಒಡಪು ಬ್ಯಾಡ ಅಂತ ಎಲ್ಲೂ ಬರದಿಲ್ಲ" ಎಂದರು. ಗಂಡನ ಹೆಸರನ್ನು ಪ್ರಾಸದೊಳಗೆ ಕಟ್ಟಿ ಹೇಳುವ ಒಡಪು ಮದುವೆಮನೆಯಲ್ಲಿ ಇದ್ದದ್ದೇ. ಬ್ಯಾಂಕಿನ ಕರಾರಿನಲ್ಲಿ ಅದೇ ಮೊದಲಿರಬೇಕು. ಗಂಗವ್ವ ಎದ್ದು ನಿಂತು, ಸೆರಗು ಸರಿಮಾಡಿಕೊಂಡು ರಾಗವಾಗಿ ಹೇಳಿದಳು:

"ಗುಳೇದಗುಡ್ಡದ ಖಣದಾಗ ಹೂವಿನ ಸಾಲು ಚಂದ,
ಈರಪ್ಪನವರ ಹೆಸರ ಹೇಳ್ತೇನಿ ವಕೀಲರ ಮುಂದ."

ಕಚೇರಿಯಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ವಕೀಲರು ಪೆನ್ನನ್ನು ಎರಡೂ ಕೈಯಿಂದ ಎತ್ತಿ ಅವಳಿಗೆ ಕೊಟ್ಟರು.

ಇದೇ ಗಂಗವ್ವನ ಮನೆ ಆಮೇಲೆ ಮಕ್ಕಳಲ್ಲಿ ಪಾಲಾಯಿತು. ನಡುಮನೆಯಲ್ಲಿ ಗೋಡೆ ಎದ್ದಿತು. ಮಗ್ಗಕ್ಕೆ ಜಾಗ ಉಳಿಯದೆ ಅದನ್ನು ಬಿಚ್ಚಿ, ಕಟ್ಟಿಗೆಗಳನ್ನು ಹಿತ್ತಿಲ ಗೋಡೆಗೆ ಆನಿಸಿಟ್ಟರು. ಅವಳ ಹಾಗೆ ಇನ್ನೂ ಕೆಲವರಿದ್ದರು. ಎಲ್ಲರ ಮಗ್ಗಗಳೂ ಒಂದೇ ಸೂರಿನಡಿ ನಿಲ್ಲಲೆಂದು ಸಂಘದಿಂದ ಒಂದು ಶೆಡ್ಡು ಕೊಳ್ಳುವುದೆಂದಾಯಿತು. ಬಸ್‌ಸ್ಟ್ಯಾಂಡಿಗೆ ಹತ್ತಿರ, ಒಳ್ಳೆಯ ಬೆಳಕಿನ ಜಾಗವೂ ಸಿಕ್ಕಿತು. ಬ್ಯಾಂಕು ಹಣ ಕೊಡಲು ಒಪ್ಪಿತು. ಆ ಜಾಗದ ಹಕ್ಕು ಸರಿಯಾಗಿದೆ ಎಂದು ದಸ್ತಗೀರ ವಕೀಲರು ಸಹಿ ಮಾಡಿದ ಅಭಿಪ್ರಾಯ ಮಾತ್ರ ಬಾಕಿ. ಜಾಗದ ಮಾಲೀಕರು, "ಶ್ರಾವಣ ಮುಗಿಯೂತನಕ ಕಾಯ್ತೇನಿ, ಆಮ್ಯಾಲೆ ನನ್ನ ಕೇಳಬ್ಯಾಡ್ರಿ" ಎಂದು ಖಡಾಖಂಡಿತ ಹೇಳಿದ್ದರು. ಗಂಗವ್ವ ದಿನಕ್ಕೊಮ್ಮೆ ಬಂದು ಕೇಳುತ್ತಿದ್ದಳು: "ವಕೀಲ್ರು ಸಹಿ ಮಾಡಿದ್ರೇನವಾ?"

ಶ್ರಾವಣದ ಕೊನೆಯ ವಾರ ನಾನು ಬಾಗಲಕೋಟೆಗೆ ಹೋದೆ. ಅಭಿಪ್ರಾಯ ಟೈಪಾಗಿ ಮೇಜಿನ ಮೇಲಿತ್ತು. ವಕೀಲರು ಅದನ್ನು ನನ್ನ ಕೈಗೆ ಕೊಟ್ಟು, ತಮ್ಮ ಪೆನ್ನನ್ನೂ ಕೊಟ್ಟರು. "ಇವತ್ತ ನೀ ಹಿಡಕೋ. ನಾ ಹೇಳ್ತೇನಿ, ನೀ ನೋಡಕೋತ ಹೋಗು."

ಚೇಷ್ಟೆ ಇರಬೇಕೆಂದು ನಾನು ನಕ್ಕೆ. ಅವರು ಕಣ್ಣು ಮುಚ್ಚಿ ಶುರುಮಾಡಿದರು. ಆ ಜಾಗ ಮೊದಲು ಯಾರದಾಗಿತ್ತು, ಅವರು ಯಾರಿಗೆ ಮಾರಿದರು ಎಂಬಲ್ಲಿಗೆ ಬಂದು ನಿಂತರು. ಮತ್ತೆ ಮೊದಲಿನಿಂದ ಹೇಳಿದರು. ಅಲ್ಲಿಗೇ ಬಂದು ನಿಂತರು. ನಾನು ಮೆಲ್ಲಗೆ ಮುಂದಿನ ಹೆಸರು ಹೇಳಲು ಹೋದೆ. "ನೀ ಹೇಳಬ್ಯಾಡ" ಎಂದು ತಡೆದರು. ಕಣ್ಣು ತೆರೆದರು.

"ನಿನ್ನಿನ ಓದೇನಿ. ಬರದಾವನೂ ನಾನ. ಆದ್ರ ಇದರಾಗ ಏನೈತಿ ಅನ್ನೂದು ನನ್ನ ಕಡೆ ಇಲ್ಲ ತಂಗಿ. ಎರಡ ತಿಂಗಳಾತು, ಹಿಂಗ ಆಗಾಕತ್ತೈತಿ."

ಏನು ಹೇಳಬೇಕೋ ತಿಳಿಯದಿದ್ದಾಗ ಮನುಷ್ಯ ತನ್ನ ಕೆಲಸದ ಮಾತನ್ನೇ ಆಡುತ್ತಾನೆ. "ಬರದದ್ದು ಸರೀನ ಐತಲ್ರಿ ವಕೀಲ್ರ. ಒಂದ ಸಹಿ ಮಾಡ್ರಿ. ಯಾರಿಗಿ ಗೊತ್ತಾಗ್ತೈತ್ರಿ?"

"ಯಾರಿಗೂ ಗೊತ್ತಾಗೂದಿಲ್ಲ. ಅದಕ್ಕ ನನಗ ಅಂಜಿಕಿ."

"ಗಂಗವ್ವನ ಮಗ್ಗ ಹಿತ್ತಲದಾಗ ಐತ್ರಿ. ಮಳಿ ಬ್ಯಾರೆ."

"ಅದು ನೆನಪೈತಿ ತಂಗಿ" ಎಂದರು. "ನಾ ಸಹಿ ಮಾಡಿದ್ರ ನನ್ನ ಹೆಸರ ನೋಡಿ ಬ್ಯಾಂಕಿನವರು ನಂಬ್ತಾರ. ಅವರು ನಂಬಿದಾಂವ ಈ ಕುರ್ಚ್ಯಾಗ ಇಲ್ಲ ಅಂದ್ರ ಅದು ಮೋಸ ಅಲ್ಲೇನು?"

ನನ್ನ ಎದುರಿಗೇ ಫೋನೆತ್ತಿ ಮ್ಯಾನೇಜರಿಗೆ ಹೇಳಿದರು. ಮೈಗೆ ಅರಾಮಿಲ್ಲ ಎಂದು ಹೇಳಿ ಮುಗಿಸಬಹುದಿತ್ತು. ಹಾಗೆ ಹೇಳಲಿಲ್ಲ. "ನನ್ನ ನೆನಪು ಕೈ ಕೊಡಾಕತ್ತೈತ್ರಿ. ಈ ಫೈಲ್ ಬ್ಯಾರೆ ವಕೀಲರಿಗಿ ಕೊಡ್ರಿ. ಇನ್ನ ಮ್ಯಾಲೆ ನನಗ ಕಳಿಸಬ್ಯಾಡ್ರಿ" ಎಂದರು.

ಗುಳೇದಗುಡ್ಡದ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವರನ್ನು ಮನಸ್ಸಿನಲ್ಲೇ ಬೈದೆ. ಗಂಗವ್ವ ಸ್ಟ್ಯಾಂಡಿನಲ್ಲೇ ಕಾಯುತ್ತಿದ್ದಳು. ವಿಷಯ ಕೇಳಿ ಅವಳು ಶೆಡ್ಡಿನ ಮಾತೇ ಎತ್ತಲಿಲ್ಲ. "ಅಯ್ಯ ಶಿವನ, ಹಿಂತಾ ಮನಶ್ಯಾಗ ಹಿಂತಾ ಬ್ಯಾನಿ ಬರಬೇಕೇನ? ಮನ್ಯಾಗ ನೋಡಕೊಳ್ಳವ್ರು ಯಾರದಾರಂತ?" ಎಂದು ಕೇಳಿದಳು. ನಾನು ಅದನ್ನು ವಿಚಾರಿಸಿಯೇ ಇರಲಿಲ್ಲ.

ಹೊಸ ವಕೀಲರು ಮೊದಲಿನಿಂದ ಎಲ್ಲ ನೋಡಿದರು. ಕಾಗದಗಳಲ್ಲಿ ಒಂದು ತಪ್ಪೂ ಸಿಗಲಿಲ್ಲ. ದಸ್ತಗೀರ ವಕೀಲರು ಬರೆದಿಟ್ಟಿದ್ದೆಲ್ಲ ಸರಿಯಾಗಿಯೇ ಇತ್ತು. ಅಷ್ಟರಲ್ಲಿ ಶ್ರಾವಣ ಮುಗಿದು, ಮಾಲೀಕರು ಆ ಜಾಗವನ್ನು ಬೇರೆಯವರಿಗೆ ಕೊಟ್ಟಾಗಿತ್ತು. ಈಗ ಅಲ್ಲಿ ಸಿಮೆಂಟಿನ ಅಂಗಡಿಯಿದೆ. ನಮಗೆ ಮತ್ತೊಂದು ಜಾಗ ಸಿಗಲು ಒಂದು ವರ್ಷವೇ ಹಿಡಿಯಿತು. ಊರ ಹೊರಗೆ, ಗುಡ್ಡದ ಬದಿಗೆ. ಗಂಗವ್ವನ ಮಗ್ಗದ ಒಂದೆರಡು ಕಟ್ಟಿಗೆ ಮಳೆಗೆ ಬಾಗಿದ್ದವು, ಹೊಸದು ಹಾಕಿಸಿದೆವು. ಈಗ ಅವಳು ಮೊಮ್ಮಗಳ ಕೈ ಹಿಡಿದು ಅಲ್ಲಿಗೆ ನಡೆದು ಬರುತ್ತಾಳೆ.

ಈ ಚಳಿಗಾಲದಲ್ಲಿ ವಕೀಲರ ಮನೆಗೆ ಹೋಗಿದ್ದೆ. ಅವರ ಮಗಳು ಶಬಾನಾ ಬಾಗಿಲು ತೆರೆದು, "ಗುರ್ತ ಹಿಡಿಯೂದಿಲ್ಲಕ್ಕಾ, ಬ್ಯಾಸರ ಮಾಡಕೋಬ್ಯಾಡ್ರಿ" ಎಂದು ಮೊದಲೇ ಹೇಳಿದಳು. ವಕೀಲರು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಕಿಟಕಿಯ ಬಳಿ ಕೂತಿದ್ದರು. "ಬರ್ರಿ, ಕೂಡ್ರಿ. ಎಲ್ಲಿಂದ ಬಂದ್ರಿ?" ಎಂದರು. ತಂಗಿಯಾದ ಮೇಲೆ ನನ್ನನ್ನು ಅವರು ಎಂದೂ ಬಹುವಚನದಲ್ಲಿ ಮಾತಾಡಿಸಿದವರಲ್ಲ. ಆ ಮರ್ಯಾದೆ ನನಗೆ ಸಹಿಸಲಾಗಲಿಲ್ಲ.

ಶೆಡ್ಡಿನ ಕತೆ ಹೇಳಿದೆ. ಒಬ್ಬ ವಕೀಲರಿದ್ದರು, ಎಲ್ಲ ತಯಾರಿದ್ದರೂ ತಮ್ಮ ನೆನಪಿನ ಮೇಲೆ ನಂಬಿಕೆಯಿಲ್ಲವೆಂದು ಸಹಿ ಮಾಡಲಿಲ್ಲ, ನಮಗೆ ಆ ಜಾಗ ಹೋಯಿತು, ಆಮೇಲೆ ಬೇರೆ ಜಾಗ ಸಿಕ್ಕು ಈಗ ಮಗ್ಗಗಳು ನಡೆಯುತ್ತಿವೆ ಎಂದು ಎಲ್ಲವನ್ನೂ ಹೇಳಿದೆ. ಅವರು ಕಣ್ಣು ಮುಚ್ಚಿ ಕೇಳಿದರು.

"ಅವರ ಮ್ಯಾಲೆ ನಿಮಗ ಸಿಟ್ಟೈತೇನ್ರಿ?"

"ಇತ್ರಿ. ಈಗಿಲ್ಲ."

"ಸಿಟ್ಟಾಗಬ್ಯಾಡ್ರಿ. ಭಾಳ ದೊಡ್ಡ ಮನಶ್ಯಾ ಇರಬೇಕು." ಕಿಟಕಿಯ ಕಡೆ ತಿರುಗಿದರು. "ನಾನೂ ವಕೀಲ ಇದ್ದೆರಿ. ಆದ್ರ ನನಗ ಅಷ್ಟು ಧೈರ್ಯ ಆಗ್ತಿತ್ತೋ ಇಲ್ಲೋ."

"ಆಗ್ತಿತ್ರಿ ವಕೀಲ್ರ" ಅಂದೆ.